ಐದು ವರ್ಷ ಸದನಕ್ಕೆ, ಸಂಪುಟಕ್ಕಲ್ಲ: ಕರ್ನಾಟಕದ ಸಚಿವ ಸಂಪುಟಗಳ ಅವಧಿ ಮತ್ತು ಗದಗ ಸೀಮೆ

ರಾಜ್ಯವೊಂದರ ಸಚಿವ ಸಂಪುಟದ ಅವಧಿ ಎಷ್ಟು ಎಂಬ ಪ್ರಶ್ನೆಗೆ ಐದು ವರ್ಷ ಎಂಬ ಉತ್ತರ ಶಾಲೆಯ ಪಠ್ಯದಿಂದ ಹಿಡಿದು ಪತ್ರಿಕೆಗಳ ಸಂಪಾದಕೀಯದವರೆಗೆ ರೂಢಿಯಾಗಿದೆಯಾದರೂ, ಭಾರತದ ಸಂವಿಧಾನ ಸಂಪುಟಕ್ಕೆ ಅಂಥ ಅವಧಿಯನ್ನು ಎಲ್ಲಿಯೂ ಗೊತ್ತುಪಡಿಸಿಲ್ಲ. ಐದು ವರ್ಷದ ಮಾತು ಬರುವುದು 172ನೇ ವಿಧಿಯಲ್ಲಿ. ಅದು ವಿಧಾನಸಭೆಯ ಆಯುಷ್ಯಕ್ಕೆ, ಅಂದರೆ ಸದನದ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಎಣಿಸುವ ಕಾಲಕ್ಕೆ ಸಂಬಂಧಪಟ್ಟದ್ದು. ಸಂಪುಟದ ವಿಷಯ ಬರುವ 164ನೇ ವಿಧಿ ಬೇರೆ ಮಾತನ್ನೇ ಹೇಳುತ್ತದೆ. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಉಳಿದ ಸಚಿವರನ್ನು ಮುಖ್ಯಮಂತ್ರಿಯ ಸಲಹೆಯಂತೆ ನೇಮಿಸುತ್ತಾರೆ, ಸಚಿವರು ರಾಜ್ಯಪಾಲರ ಇಚ್ಛೆ ಇರುವವರೆಗೆ ಅಧಿಕಾರದಲ್ಲಿರುತ್ತಾರೆ, ಮತ್ತು ಇಡೀ ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ ಎಂಬುದು ಆ ವಿಧಿಯ ತಿರುಳು. ರಾಜ್ಯಪಾಲರ ಇಚ್ಛೆ ಎಂಬುದು ಹೊರನೋಟಕ್ಕೆ ಅರಸೊತ್ತಿಗೆಯ ಭಾಷೆಯಂತೆ ಕಂಡರೂ, ಸಂಸದೀಯ ಪದ್ಧತಿಯಲ್ಲಿ ಅದು ಸದನದ ವಿಶ್ವಾಸದ ಇನ್ನೊಂದು ಹೆಸರೇ ಆಗಿದೆ. ಸದನದಲ್ಲಿ ಬಹುಮತ ಇರುವವರೆಗೆ ರಾಜ್ಯಪಾಲರಿಗೆ ಬೇರೆ ಇಚ್ಛೆ ಇರಬಾರದು. ಹಾಗಾಗಿ ಕಾನೂನಿನ ದೃಷ್ಟಿಯಲ್ಲಿ ಸಂಪುಟಕ್ಕೆ ಆರಂಭವಿದೆ, ಅಂತ್ಯವಿದೆ, ಆದರೆ ನಿಗದಿತ ಅವಧಿ ಇಲ್ಲ.

ಈ ಲೇಖನದ ವಾದ ಇಷ್ಟು: ಕರ್ನಾಟಕದಲ್ಲಿ ಸಂಪುಟಗಳ ಆಯುಷ್ಯವನ್ನು ಸದನ ತೀರ್ಮಾನಿಸಿದ ಸಂದರ್ಭಗಳು ಬಹಳ ಕಡಿಮೆ, ಮುಖ್ಯಮಂತ್ರಿಗಳ ಹೆಸರು ಮತ್ತು ವರ್ಷಗಳನ್ನು ಒಂದರ ಕೆಳಗೊಂದು ಬರೆಯುವ ನಮ್ಮ ರೂಢಿಯ ಪಟ್ಟಿಗಳು ಈ ಸಂಗತಿಯನ್ನು ಮರೆಮಾಚುತ್ತವೆ, ಮತ್ತು ಒಂದು ಸೀಮೆಯ ಜನರ ಪಾಲಿಗೆ ಸಂಪುಟದ ಅವಧಿ ಎಂದರೆ ಏನು ಎಂಬುದು ಆ ಪಟ್ಟಿಗಳಿಂದ ತಿಳಿಯುವುದಿಲ್ಲ. ಇದನ್ನು ಪರಿಶೀಲಿಸಲು ಗದಗ ತಾಲ್ಲೂಕಿನ ಕಳಸಾಪುರ ಮತ್ತು ಅದರ ಸುತ್ತಣ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಪ್ರದೇಶವನ್ನು ನೋಟದ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ. ಹೋಲಿಕೆಗೆ ಜರ್ಮನಿಯ ರಾಜ್ಯಗಳನ್ನು ಆಯ್ದುಕೊಳ್ಳಲು ಕಾರಣವಿದೆ. ಆ ದೇಶವೂ ಒಕ್ಕೂಟವೇ, ಅಲ್ಲಿಯ 16 ರಾಜ್ಯಗಳಲ್ಲಿಯೂ ಸಂಸದೀಯ ಪದ್ಧತಿಯೇ ಇದೆ, ಆದರೆ ಸಂಪುಟದ ಅವಧಿಯನ್ನು ಎಣಿಸುವ ಕ್ರಮ ನಮ್ಮದಕ್ಕಿಂತ ಬಹಳ ನಿಷ್ಕೃಷ್ಟವಾಗಿದೆ.

ಮುಂಬಯಿಯಿಂದ ಬೆಂಗಳೂರಿಗೆ

ಗದಗ ಸೀಮೆಯ ಜನರು ಸಂಪುಟ ಸರ್ಕಾರವನ್ನು ಮೊದಲು ಕಂಡದ್ದು ಬೆಂಗಳೂರಿನಲ್ಲಿ ಅಲ್ಲ, ಮುಂಬಯಿಯಲ್ಲಿ. 1935ರ ಭಾರತ ಸರ್ಕಾರ ಕಾಯ್ದೆಯ ಪ್ರಕಾರ ಪ್ರಾಂತ್ಯಗಳಿಗೆ ಸ್ವಾಯತ್ತತೆ ದೊರೆತು 1937ರಲ್ಲಿ ಚುನಾವಣೆಗಳು ನಡೆದಾಗ, ಬಹುಮತ ಪಡೆದ ಕಾಂಗ್ರೆಸ್ಸು ಗವರ್ನರರ ವಿಶೇಷಾಧಿಕಾರಗಳ ಬಗ್ಗೆ ಭರವಸೆ ಸಿಗುವವರೆಗೆ ಅಧಿಕಾರ ವಹಿಸಿಕೊಳ್ಳಲು ಒಪ್ಪದ ಕಾರಣ, ಮುಂಬಯಿ ಪ್ರಾಂತ್ಯದಲ್ಲಿ ಧನಜಿಶಾ ಕೂಪರ್ ಅವರ ಅಲ್ಪಮತದ ಮಂತ್ರಿಮಂಡಲ ಏಪ್ರಿಲ್‌ನಿಂದ ಜುಲೈವರೆಗೆ ನಡೆಯಿತು. ಆಮೇಲೆ ಬಂದ ಬಿ.ಜಿ. ಖೇರ್ ಅವರ ಮಂತ್ರಿಮಂಡಲದಲ್ಲಿ ಬೆಳಗಾವಿ ಭಾಗದ ಅಣ್ಣಾಸಾಹೇಬ ಲಠ್ಠೆ ಹಣಕಾಸು ಸಚಿವರಾಗಿದ್ದರು. ಈ ಮಂತ್ರಿಮಂಡಲ ಎರಡು ವರ್ಷ ನಾಲ್ಕು ತಿಂಗಳೂ ಪೂರೈಸದೆ 1939ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟಿತು. ಸದನದಲ್ಲಿ ಬಹುಮತ ಕಳೆದುಕೊಂಡದ್ದಲ್ಲ ಅದರ ಕಾರಣ, ಭಾರತೀಯರನ್ನು ಕೇಳದೆ ಭಾರತವನ್ನು ಮಹಾಯುದ್ಧಕ್ಕೆ ಎಳೆದುದಕ್ಕೆ ಪಕ್ಷ ತೋರಿದ ಪ್ರತಿಭಟನೆ. ಸಂಪುಟದ ಆಯುಷ್ಯ ಸದನದ ಹೊರಗೆ ನಿಶ್ಚಯವಾಗುವ ಪರಿಪಾಠಕ್ಕೆ ಈ ಸೀಮೆಯಲ್ಲಿ ಇದೇ ಮೊದಲ ನಿದರ್ಶನ.

ಇಂದಿನ ಗದಗ ಜಿಲ್ಲೆಯ ಎಲ್ಲ ಊರುಗಳಿಗೂ ಈ ಅನುಭವ ಒಂದೇ ಬಗೆಯದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಗದಗ ತಾಲ್ಲೂಕು ಬ್ರಿಟಿಷ್ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಒಂದು ದಿನದ ದಾರಿಯೊಳಗಿನ ಊರುಗಳಲ್ಲಿ ಒಂದು ಕಡೆ ಮತದಾರರಿಗೆ ಹೊಣೆಯಾದ ಮಂತ್ರಿಗಳು, ಇನ್ನೊಂದು ಕಡೆ ಪಟವರ್ಧನ ಮನೆತನದ ಸಂಸ್ಥಾನಿಕರು ಆಳುತ್ತಿದ್ದ ಕಾಲ ಅದು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆಯೇ ಇಡೀ ಸೀಮೆ ಒಂದೇ ಸಂಪುಟದ ಕೆಳಗೆ ಬಂದಿತು. 1952ರ ಏಪ್ರಿಲಿನಲ್ಲಿ, ಮತ್ತೆ ಅಧಿಕಾರಕ್ಕೆ ಬಂದಿದ್ದ ಖೇರ್ ಅವರ ನಂತರ, ಮೊರಾರ್ಜಿ ದೇಸಾಯಿ ಮುಂಬಯಿಯ ಮುಖ್ಯಮಂತ್ರಿಯಾದರು. ರಾಜ್ಯ ಪುನರ್ವಿಂಗಡಣೆಯ ಹಿಂದಿನ ದಿನ, ಅಂದರೆ 1956ರ ಅಕ್ಟೋಬರ್ 31ರವರೆಗೆ, ಗದಗಿನ ಪಾಲಿಗೆ ಅವರದೇ ಸರ್ಕಾರ.

ಅದೇ ದಿನ ಬೆಂಗಳೂರಿನಲ್ಲಿ ಕಡಿದಾಳ ಮಂಜಪ್ಪ ಅವರ ಸಂಪುಟವೂ ಮುಗಿಯಿತು. ಕೆಂಗಲ್ ಹನುಮಂತಯ್ಯನವರು ಸ್ವಪಕ್ಷೀಯರ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್‌ನಲ್ಲಿ ಕೆಳಗಿಳಿದಾಗ ಬಂದ ಈ ಸಂಪುಟ ಬಾಳಿದ್ದು 73 ದಿನ. ನವೆಂಬರ್ 1ರಂದು ಎಸ್. ನಿಜಲಿಂಗಪ್ಪ ವಿಶಾಲ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಕಳಸಾಪುರದ ಮತದಾರನ ಕಡೆಯಿಂದ ನೋಡಿದರೆ, ಬೆಂಗಳೂರಿನ ಈ ಮೊದಲ ಸಂಪುಟಕ್ಕೆ ಆತ ಮತ ಹಾಕಿರಲಿಲ್ಲ. ಆತ 1952ರಲ್ಲಿ ಮತ ಹಾಕಿದ್ದು ಮುಂಬಯಿ ವಿಧಾನಸಭೆಗೆ. ಮುಂಬಯಿ, ಹೈದರಾಬಾದು, ಮದ್ರಾಸು ಸೀಮೆಗಳಿಂದ ಹಾಗೂ ಕೊಡಗಿನಿಂದ ಬಂದ ಸದಸ್ಯರನ್ನು ಮೈಸೂರಿನ ಸದನಕ್ಕೆ ಕೂಡಿಸಿ, 208 ಸ್ಥಾನಗಳ ಸದನಕ್ಕೆ 1957ರಲ್ಲಿ ಚುನಾವಣೆ ನಡೆಯುವವರೆಗೆ ಆಡಳಿತ ನಡೆಸಲಾಯಿತು.

ಪೂರ್ಣಾವಧಿ ಎಂಬ ಮಾತು

ಕರ್ನಾಟಕದಲ್ಲಿ ಪೂರ್ಣಾವಧಿ ಪೂರೈಸಿದ ಮುಖ್ಯಮಂತ್ರಿಗಳು ಮೂವರೇ, ನಿಜಲಿಂಗಪ್ಪ, ದೇವರಾಜ ಅರಸು ಮತ್ತು ಸಿದ್ದರಾಮಯ್ಯ ಎಂಬ ಮಾತು ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಈ ಮಾತನ್ನು ದಿನಾಂಕಗಳೊಂದಿಗೆ ಇಟ್ಟು ನೋಡಿದರೆ ಅದು ಹೇಳುವಷ್ಟು ಸರಳವಾಗಿ ಉಳಿಯುವುದಿಲ್ಲ.

1962ರ ಚುನಾವಣೆಯಲ್ಲಿ ಹೊಸದುರ್ಗದಿಂದ ನಿಂತಿದ್ದ ನಿಜಲಿಂಗಪ್ಪನವರು ಸೋತರು. ಪಕ್ಷ ಗೆದ್ದಿತ್ತು, ನಾಯಕರು ಸೋತಿದ್ದರು. ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬರುವವರೆಗೆ ಸ್ಥಾನ ಕಾಯ್ದು, ಜೂನ್ 20ರಂದು ಬಿಟ್ಟುಕೊಟ್ಟರು. ಹೀಗಾಗಿ ಮೂರನೇ ವಿಧಾನಸಭೆಯ ಮೊದಲ ಮೂರು ತಿಂಗಳು ಕಂಠಿಯವರವು. ನಿಜಲಿಂಗಪ್ಪನವರ ಆಡಳಿತ 1962ರ ಜೂನ್ 21ರಿಂದ 1968ರ ಮೇ 29ರವರೆಗೆ ಸುಮಾರು ಆರು ವರ್ಷ ಸಾಗಿತು ಎಂಬುದು ನಿಜವೇ. ಆದರೆ ನಡುವೆ 1967ರ ಚುನಾವಣೆ ಬಂದಿತು, ಸದನ ಬದಲಾಯಿತು, ಜನಾದೇಶ ಹೊಸದಾಯಿತು. ಎರಡು ಸದನಗಳ ಎರಡು ತುಂಡುಗಳನ್ನು ಜೋಡಿಸಿ ಒಂದು ಪೂರ್ಣಾವಧಿ ಎನ್ನುವುದು ಲೆಕ್ಕದ ಉದಾರತೆ.

ಅರಸರ ಪ್ರಕರಣ ಇನ್ನೂ ಸ್ವಾರಸ್ಯಕರವಾದದ್ದು. 1972ರ ಮಾರ್ಚ್ 20ರಂದು ಅಧಿಕಾರಕ್ಕೆ ಬಂದ ಅವರ ಸಂಪುಟದ ಆಧಾರವಾಗಿದ್ದ ಸದನ 1977ರ ಮಾರ್ಚ್ ವೇಳೆಗೆ ಮುಗಿಯಬೇಕಿತ್ತು. ಆದರೆ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ತಂದ 42ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿ, ಆಗ ಅಸ್ತಿತ್ವದಲ್ಲಿದ್ದ ಸದನಗಳಿಗೂ ಅದನ್ನು ಅನ್ವಯಿಸಿತು. ಆ ಪ್ರಕಾರ ಅರಸರ ಸದನ 1978ರ ಮಾರ್ಚ್‌ವರೆಗೆ ಬದುಕಬಹುದಿತ್ತು. ಕೇಂದ್ರದಲ್ಲಿ ಜನತಾ ಸರ್ಕಾರ ಬಂದು, 1977ರ ಡಿಸೆಂಬರ್ 31ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಮತದಾರರು 1972ರಲ್ಲಿ ಕೊಟ್ಟ ಐದು ವರ್ಷದ ಲೆಕ್ಕದಲ್ಲಿ ಈ ಸಂಪುಟ ಒಂಬತ್ತು ತಿಂಗಳು ಹೆಚ್ಚು ಬಾಳಿತು. ಸಂವಿಧಾನದ ಅಂದಿನ ಪಾಠದ ಲೆಕ್ಕದಲ್ಲಿ ಸುಮಾರು ಮೂರು ತಿಂಗಳು ಮೊದಲೇ ಮುಗಿಯಿತು. ಯಾವ ಲೆಕ್ಕದಲ್ಲಿಯೂ ಅದು ಸರಿಯಾಗಿ ಒಂದು ಅವಧಿ ಅಲ್ಲ. 1978ರ 44ನೇ ತಿದ್ದುಪಡಿ ಮತ್ತೆ ಐದು ವರ್ಷವನ್ನೇ ಸ್ಥಾಪಿಸಿತು.

2023ರ ಚುನಾವಣೆಗೆ ಮೊದಲಿನ ಕಾಲವನ್ನು ತೆಗೆದುಕೊಂಡರೆ, ಐದು ವರ್ಷ ಬಾಳಿದ ಒಂದು ಸದನಕ್ಕೆ ಆದಿಯಿಂದ ಅಂತ್ಯದವರೆಗೆ ಒಬ್ಬರೇ ಮುಖ್ಯಮಂತ್ರಿಯ ಸಂಪುಟ ಇದ್ದದ್ದು 2013ರ ಮೇ 13ರಂದು ಆರಂಭವಾದ ಸಿದ್ದರಾಮಯ್ಯನವರ ಕಾಲದಲ್ಲಿ ಮಾತ್ರ. ಆ ಸಂಪುಟದಲ್ಲಿ ಗದಗ ಕ್ಷೇತ್ರದ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ನಿರ್ವಹಿಸಿದರು. ಆದರೆ ಅಲ್ಲಿಯೂ ಒಳಗಿನ ಚಿತ್ರ ಬೇರೆಯೇ ಇದೆ. 2016ರ ಜೂನ್‌ನ ಪುನಾರಚನೆಯಲ್ಲಿ, ಅಂದರೆ ಮುಖ್ಯಮಂತ್ರಿ ತಾವು ಮುಂದುವರಿದು ಸಹೋದ್ಯೋಗಿಗಳನ್ನು ಬದಲಿಸುವ ಕ್ರಮದಲ್ಲಿ, 14 ಸಚಿವರು ಹೊರಹೋಗಿ 13 ಮಂದಿ ಹೊಸಬರು ಒಳಬಂದರು. ಅರ್ಧದ ಹತ್ತಿರ ಹತ್ತಿರ ಮುಖಗಳು ಬದಲಾದ ಮೇಲೂ ಅದು ಅದೇ ಸಂಪುಟವೇ ಎಂದರೆ, ಸಂಪುಟ ಎಂಬುದು ಮುಖ್ಯಮಂತ್ರಿಯ ಒಬ್ಬರ ಹೆಸರಿಗೆ ಅಂಟಿಕೊಂಡ ಸಂಸ್ಥೆಯೇ ಹೊರತು ಸಚಿವರ ಕೂಟವಲ್ಲ ಎಂದು ಒಪ್ಪಿದಂತಾಗುತ್ತದೆ. ಮುಖ್ಯಮಂತ್ರಿಯ ರಾಜೀನಾಮೆಯೊಂದಿಗೆ ಇಡೀ ಸಂಪುಟ ಮುಗಿಯುತ್ತದೆ, ಸಚಿವರ ರಾಜೀನಾಮೆಯಿಂದ ಮುಗಿಯುವುದಿಲ್ಲ ಎಂಬ ಸಂಪ್ರದಾಯದ ಅರ್ಥವೂ ಇದೇ.

ಜರ್ಮನಿಯ ರಾಜ್ಯಗಳಲ್ಲಿ ಸಂಪುಟವನ್ನು ಮುಖ್ಯಮಂತ್ರಿಯ ಹೆಸರಿನೊಂದಿಗೆ ಒಂದು, ಎರಡು, ಮೂರು ಎಂಬ ಕ್ರಮಸಂಖ್ಯೆ ಸೇರಿಸಿ ಹೆಸರಿಸುವ ರೂಢಿ ಇದೆ. ಲಾಂಡ್‌ಟಾಗ್ ಎಂದು ಕರೆಯುವ ಅಲ್ಲಿಯ ವಿಧಾನಸಭೆ ಹೊಸದಾಗಿ ಚುನಾಯಿತವಾದಾಗ ಅದರ ಸದಸ್ಯರು ಮುಖ್ಯಮಂತ್ರಿಯನ್ನು ಮತ ಹಾಕಿ ಆರಿಸುತ್ತಾರೆ. ಹಳಬರೇ ಮತ್ತೆ ಆಯ್ಕೆಯಾದರೂ ಅದು ಹೊಸ ಸಂಪುಟ, ಹೊಸ ಸಂಖ್ಯೆ. ಬವೇರಿಯ ರಾಜ್ಯದ ಸಂವಿಧಾನದ 44ನೇ ವಿಧಿ ಮುಖ್ಯಮಂತ್ರಿಯ ಅವಧಿ ಐದು ವರ್ಷ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಬಹುತೇಕ ರಾಜ್ಯಗಳಲ್ಲಿ ಸದನದ ಅವಧಿ ಐದು ವರ್ಷ, ಬ್ರೆಮೆನ್‌ನಲ್ಲಿ ನಾಲ್ಕು. ಈ ಕ್ರಮದಲ್ಲಿ ಎಣಿಸಿದರೆ ನಿಜಲಿಂಗಪ್ಪನವರ ಎರಡು ಆಡಳಿತಾವಧಿಗಳು 1957 ಮತ್ತು 1967ರ ಚುನಾವಣೆಗಳಿಂದ ನಾಲ್ಕು ಸಂಪುಟಗಳಾಗುತ್ತವೆ, ಮತ್ತು ಆ ನಾಲ್ಕರಲ್ಲಿ ಐದು ವರ್ಷ ತುಂಬಿದ್ದು ಒಂದೂ ಇಲ್ಲ.

ಸದನದ ಹೊರಗೆ

ಸಂಪುಟ ಸದನಕ್ಕೆ ಹೊಣೆ ಎಂಬ ತತ್ವದ ಪ್ರಕಾರ ಸಂಪುಟವನ್ನು ಕೆಡವಬೇಕಾದದ್ದು ಸದನವೇ. ಕರ್ನಾಟಕದ ದಾಖಲೆ ಏನು ಹೇಳುತ್ತದೆ? 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದಾಗ ಅವರ ಎರಡನೇ ಸಂಪುಟ ಪಕ್ಷದ ಹೆಸರು ಬದಲಾದರೂ ಅಧಿಕಾರದಲ್ಲಿ ಉಳಿಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸು ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದ ಕೂಡಲೇ ಶಾಸಕರು ಗುಂಪುಗುಂಪಾಗಿ ಆ ಕಡೆ ಹೊರಳಿದರು, ಅರಸರು ರಾಜೀನಾಮೆ ಕೊಟ್ಟರು, ಜನವರಿ 12ರಂದು ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ವಿಧಾನಸಭೆ ಅದೇ, ಶಾಸಕರು ಅವರೇ. 1984ರ ಡಿಸೆಂಬರಿನಲ್ಲಿ ರಾಮಕೃಷ್ಣ ಹೆಗಡೆಯವರ ಪಕ್ಷ ಲೋಕಸಭೆಗೆ ಕೇವಲ 4 ಸ್ಥಾನ ಗೆದ್ದಾಗ, ಸದನದಲ್ಲಿ ಯಾರೂ ಅವಿಶ್ವಾಸ ಸೂಚಿಸದಿದ್ದರೂ ಅವರು ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ 139 ಸ್ಥಾನಗಳೊಂದಿಗೆ ಮರಳಿದರು. 1990ರಲ್ಲಿ ವೀರೇಂದ್ರ ಪಾಟೀಲರು ಅಸ್ವಸ್ಥರಾಗಿದ್ದಾಗ ಅವರ ಬದಲಾವಣೆಯ ಮಾತು ರಾಜೀವ್ ಗಾಂಧಿಯವರ ಬಾಯಿಂದ ಹೊರಬಿದ್ದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಅಕ್ಟೋಬರ್ 10ರಿಂದ 17ರವರೆಗೆ ಒಂದು ವಾರ ರಾಷ್ಟ್ರಪತಿ ಆಳ್ವಿಕೆ ನಡೆದು, ಎಸ್. ಬಂಗಾರಪ್ಪನವರ ಸಂಪುಟ ಬಂದಿತು. 2011ರ ಜುಲೈಯಲ್ಲಿ ಬಿ.ಎಸ್. ಯಡಿಯೂರಪ್ಪನವರು ಲೋಕಾಯುಕ್ತದ ಗಣಿ ವರದಿಯ ನಂತರ ಕೆಳಗಿಳಿದಾಗ ಮುಂದಿನ ಮುಖ್ಯಮಂತ್ರಿ ಯಾರೆಂಬುದನ್ನು ನಿರ್ಧರಿಸಿದ ಗುಪ್ತ ಮತದಾನ ನಡೆದದ್ದು ಶಾಸಕಾಂಗ ಪಕ್ಷದಲ್ಲಿ. ಈ ಸಾಲಿನಲ್ಲಿ ಸದನ ಎಲ್ಲಿಯೂ ಕಾಣಿಸುವುದಿಲ್ಲ.

ಈ ಪೈಕಿ ವಿವರವಾಗಿ ನೋಡಬೇಕಾದ ಪ್ರಕರಣ ಎಸ್.ಆರ್. ಬೊಮ್ಮಾಯಿಯವರದು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿ ಬಂದಿದ್ದ ಅವರು 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. 1989ರ ಏಪ್ರಿಲಿನಲ್ಲಿ ಕಲ್ಯಾಣರಾವ್ ಮೊಳಕೇರಿ ಎಂಬ ಶಾಸಕರು ತಾವು ಬೆಂಬಲ ಹಿಂತೆಗೆದುಕೊಂಡಿರುವುದಾಗಿ ತಿಳಿಸಿ, ಅಂಥದೇ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ರಾಜ್ಯಪಾಲರು 19ರಂದು ರಾಷ್ಟ್ರಪತಿಯವರಿಗೆ ವರದಿ ಕಳಿಸಿದರು. ಮರುದಿನ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳುವಳಿಕೆ ಕೊಟ್ಟು ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಏಪ್ರಿಲ್ 27ಕ್ಕೆ ವಿಧಾನಸಭೆಯ ಅಧಿವೇಶನ ಕರೆಯಲಾಗಿದೆ, ಬೇಕಾದರೆ ಅದನ್ನು ಇನ್ನೂ ಮುಂಚಿತವಾಗಿಯೇ ಸೇರಿಸಲು ಸಿದ್ಧ ಎಂದು ಮುಖ್ಯಮಂತ್ರಿ ಹೇಳಿದರು. ರಾಜ್ಯಪಾಲರು ಆ ಅವಕಾಶ ಕೊಡದೆ ಎರಡನೇ ವರದಿ ಕಳಿಸಿದರು. 21ರಂದು ಸಂವಿಧಾನದ 356ನೇ ವಿಧಿಯ ಪ್ರಕಾರ, ಅಂದರೆ ರಾಜ್ಯದಲ್ಲಿ ಸಂವಿಧಾನಬದ್ಧ ಆಡಳಿತ ನಡೆಸಲಾಗದ ಸ್ಥಿತಿ ಉಂಟಾದಾಗ ಕೇಂದ್ರ ಅಧಿಕಾರ ವಹಿಸಿಕೊಳ್ಳಲು ಇರುವ ಅವಕಾಶದ ಪ್ರಕಾರ, ಸಂಪುಟ ವಜಾ ಆಗಿ ಸದನವೂ ವಿಸರ್ಜನೆಯಾಯಿತು. ಕೇವಲ ಆರು ದಿನ ಕಾಯ್ದಿದ್ದರೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿಯೇ ತಿಳಿಯುತ್ತಿತ್ತು.

ಕರ್ನಾಟಕ ಹೈಕೋರ್ಟು ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪಿನಲ್ಲಿ ಬಹುಮತದ ಪರೀಕ್ಷೆಯ ಜಾಗ ರಾಜಭವನವಲ್ಲ, ಸದನ ಎಂಬುದು ನಿಶ್ಚಿತವಾಯಿತು. ಕರ್ನಾಟಕ, ಮೇಘಾಲಯ ಮತ್ತು ನಾಗಾಲ್ಯಾಂಡುಗಳ ಘೋಷಣೆಗಳು ಅಸಾಂವಿಧಾನಿಕ ಎಂದಾಯಿತು. ತೀರ್ಪು ಬರುವಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆ ನಡುವೆ ಕರ್ನಾಟಕದಲ್ಲಿ ಚುನಾವಣೆ ನಡೆದು ಮೂವರು ಮುಖ್ಯಮಂತ್ರಿಗಳು ಬಂದಿದ್ದರು. ದೇಶದ ಎಲ್ಲ ರಾಜ್ಯಗಳ ಸಂಪುಟಗಳಿಗೂ ರಕ್ಷಣೆ ಒದಗಿಸಿದ ಈ ತೀರ್ಪು, ಅದನ್ನು ತಂದುಕೊಟ್ಟ ಸಂಪುಟಕ್ಕೆ ಒಂದು ದಿನದ ಆಯುಷ್ಯವನ್ನೂ ಕೂಡಿಸಲಿಲ್ಲ.

ಆ ತೀರ್ಪಿನ ನಂತರ ಸಂಪುಟಗಳು ಸದನದ ಒಳಗೇ ನಿಲ್ಲುವ ಅಥವಾ ಬೀಳುವ ಸಂದರ್ಭಗಳು ಹೆಚ್ಚಿದವು ಎಂಬುದನ್ನು ಒಪ್ಪಬೇಕು. 2010ರ ಅಕ್ಟೋಬರಿನಲ್ಲಿ ಯಡಿಯೂರಪ್ಪನವರ ಸರ್ಕಾರ 16 ಶಾಸಕರ ಅನರ್ಹತೆಯ ನಡುವೆ ಒಂದೇ ವಾರದಲ್ಲಿ ಎರಡು ಬಾರಿ ವಿಶ್ವಾಸಮತ ಯಾಚಿಸಿ, ಎರಡನೇ ಸಲ 106ಕ್ಕೆ 100ರಿಂದ ಗೆದ್ದಿತು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದ ವಿಶ್ವಾಸಮತದ ಪರ 99, ವಿರುದ್ಧ 105 ಮತ ಬಿದ್ದವು. ತಲೆ ಎಣಿಸಿ ಸಂಪುಟ ಕೆಡವಿದ ಸ್ಪಷ್ಟ ನಿದರ್ಶನ ಇದು. ಆದರೆ ಆ ಎಣಿಕೆಗೆ ಮೊದಲೇ ಮೈತ್ರಿ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು ಮುಂಬಯಿಯ ಹೋಟೆಲಿನಲ್ಲಿ ಉಳಿದಿದ್ದರು. ತೀರ್ಪು ಎಣಿಕೆಯ ಜಾಗವನ್ನು ಗೊತ್ತುಮಾಡಿತು. ಎಣಿಕೆಗೆ ಯಾರು ಹಾಜರಿರುತ್ತಾರೆ ಎಂಬುದನ್ನು ಗೊತ್ತುಮಾಡುವ ಶಕ್ತಿ ಅದಕ್ಕಿರಲಿಲ್ಲ.

ಒಪ್ಪಂದದಿಂದ ಅವಧಿ ಗೊತ್ತುಮಾಡುವ ಪ್ರಯತ್ನವೂ ಇಲ್ಲಿ ನಡೆದಿದೆ. 2006ರ ಫೆಬ್ರವರಿಯಲ್ಲಿ ಜನತಾದಳ (ಜಾತ್ಯತೀತ) ಮತ್ತು ಭಾರತೀಯ ಜನತಾ ಪಕ್ಷಗಳು ತಲಾ 20 ತಿಂಗಳು ಮುಖ್ಯಮಂತ್ರಿ ಸ್ಥಾನ ಹಂಚಿಕೊಳ್ಳುವ ಮಾತಿನ ಮೇಲೆ ಸರ್ಕಾರ ರಚಿಸಿದವು. ಜನ ಅದನ್ನು 20-20 ಸರ್ಕಾರ ಎಂದೇ ಕರೆದರು. ಮೊದಲ 20 ತಿಂಗಳು ಮುಗಿದಾಗ ಅಧಿಕಾರ ಹಸ್ತಾಂತರವಾಗದೆ 2007ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ನವೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 19ರಂದು ರಾಜೀನಾಮೆ ಕೊಟ್ಟರು. ಜರ್ಮನಿಯ ರಾಜ್ಯಗಳಲ್ಲಿಯೂ ಮೈತ್ರಿ ಸರ್ಕಾರಗಳೇ ಸಾಮಾನ್ಯ, ಆದರೆ ಅಲ್ಲಿ ಪಕ್ಷಗಳು ವಿವರವಾದ ಮೈತ್ರಿ ಒಪ್ಪಂದವನ್ನು ಬರೆದು ಸಹಿ ಮಾಡಿ ಪ್ರಕಟಿಸುತ್ತವೆ. ಇದಲ್ಲದೆ ಹಲವು ರಾಜ್ಯಗಳಲ್ಲಿ ರಚನಾತ್ಮಕ ಅವಿಶ್ವಾಸ ಎಂಬ ನಿಯಮವಿದೆ: ಹೊಸ ಮುಖ್ಯಮಂತ್ರಿಯನ್ನು ಬಹುಮತದಿಂದ ಆರಿಸದೆ ಇದ್ದವರನ್ನು ಕೆಡವುವಂತಿಲ್ಲ.

ಒಬ್ಬರ ಸಂಪುಟ ಮತ್ತು ಹಂಗಾಮಿ ಸಂಪುಟ

2003ರ 91ನೇ ತಿದ್ದುಪಡಿ ರಾಜ್ಯಗಳ ಮಂತ್ರಿಮಂಡಲದ ಗಾತ್ರವನ್ನು ಸದನದ ಸದಸ್ಯಬಲದ ಶೇ. 15ಕ್ಕೆ ಮಿತಿಗೊಳಿಸಿತು, ಹನ್ನೆರಡಕ್ಕಿಂತ ಕಡಿಮೆ ಇರಬಾರದು ಎಂದೂ ಹೇಳಿತು. 224 ಸದಸ್ಯರ ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34 ಎಂಬುದು ರೂಢಿಯ ಲೆಕ್ಕ. ಮೇಲಿನ ಮಿತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೆಳಗಿನ ಮಿತಿಯನ್ನು ನೆನೆಯುವವರು ಕಡಿಮೆ. 2019ರ ಜುಲೈ 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು. 17 ಸಚಿವರು ಸೇರಿದ್ದು ಆಗಸ್ಟ್ 20ರಂದು. ಈ 25 ದಿನ ರಾಜ್ಯದಲ್ಲಿ ಒಬ್ಬರ ಸಂಪುಟವಿತ್ತು. ಆ ದಿನಗಳು ಎಂಥವು ಎಂಬುದನ್ನು ಗದಗ ಜಿಲ್ಲೆ ಚೆನ್ನಾಗಿ ಬಲ್ಲದು. ಆಗಸ್ಟ್ ಮೊದಲ ಭಾಗದಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿನಿಂದ ಮಲಪ್ರಭೆ ಉಕ್ಕಿ, ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಹಾಗೂ ರೋಣ ತಾಲ್ಲೂಕಿನ ಹೊಳೆಆಲೂರು ಭಾಗದ ಊರುಗಳಿಗೆ ನೀರು ನುಗ್ಗಿತ್ತು. ಜಿಲ್ಲಾ ಉಸ್ತುವಾರಿ ಸಚಿವರು, ಅಂದರೆ ಒಂದೊಂದು ಜಿಲ್ಲೆಯ ಆಡಳಿತದ ಮೇಲ್ವಿಚಾರಣೆಗೆ ಸಂಪುಟದಿಂದ ನಿಯೋಜಿತರಾಗುವವರು, ಯಾವ ಜಿಲ್ಲೆಗೂ ಇರಲಿಲ್ಲ, ಏಕೆಂದರೆ ಸಚಿವರೇ ಇರಲಿಲ್ಲ. ಅದೇ ನರಗುಂದ ಕ್ಷೇತ್ರದ ಸಿ.ಸಿ. ಪಾಟೀಲರು ಆಗಸ್ಟ್ 20ರಂದು ಸಚಿವರಾದಾಗ ನೀರು ಇಳಿದುಹೋಗಿತ್ತು. ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಈ 25 ದಿನಗಳು ಉಳಿದ ದಿನಗಳಂತೆಯೇ ಎಣಿಕೆಯಾಗಿವೆ.

ಜರ್ಮನಿಯ ಟ್ಯೂರಿಂಗಿಯ ರಾಜ್ಯದಲ್ಲಿ ಮರುವರ್ಷವೇ ಇದಕ್ಕೆ ಹತ್ತಿರದ ಪ್ರಸಂಗ ನಡೆಯಿತು. 2020ರ ಫೆಬ್ರವರಿ 5ರಂದು ಥಾಮಸ್ ಕೆಮ್ಮೆರಿಷ್ ತೀವ್ರ ಬಲಪಂಥೀಯ ಪಕ್ಷದ ಮತಗಳ ನೆರವಿನಿಂದ ಮೂರನೇ ಸುತ್ತಿನಲ್ಲಿ 45ಕ್ಕೆ 44ರ ಅಂತರದಲ್ಲಿ ಮುಖ್ಯಮಂತ್ರಿಯಾಗಿ ಆಯ್ಕೆಯಾಗಿ, ದೇಶವ್ಯಾಪಿ ವಿರೋಧ ಎದ್ದಾಗ ಮೂರೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಅವರು ಒಬ್ಬ ಸಚಿವರನ್ನೂ ನೇಮಿಸಲಿಲ್ಲ. ಮಾರ್ಚ್ 4ರಂದು ಹಿಂದಿನ ಮುಖ್ಯಮಂತ್ರಿ ಬೋಡೊ ರಾಮೆಲೊ ಮತ್ತೆ ಆಯ್ಕೆಯಾಗುವವರೆಗೆ ಹಂಗಾಮಿಯಾಗಿ ಉಳಿದರು. ಹಂಗಾಮಿ ಎಂದರೆ ಅಧಿಕಾರ ಬಿಟ್ಟವರು ಬದಲಿ ಏರ್ಪಾಡಾಗುವವರೆಗೆ ದಿನನಿತ್ಯದ ಆಡಳಿತ ಸಾಗಿಸುವುದು. ಹೆಸ್ಸೆ ರಾಜ್ಯದಲ್ಲಿ 2008ರ ಚುನಾವಣೆಯ ನಂತರ ಯಾರಿಗೂ ಬಹುಮತ ಕೂಡದೆ, ರೋಲಂಡ್ ಕೋಖ್ ಅವರ ಹಳೆಯ ಸಂಪುಟ ಏಪ್ರಿಲ್‌ನಿಂದ 2009ರ ಫೆಬ್ರವರಿಯವರೆಗೆ ಹತ್ತು ತಿಂಗಳು ಹೀಗೆ ನಡೆಯಿತು. ಆ ತಿಂಗಳುಗಳನ್ನು ಹಳೆಯ ಸಂಪುಟದ ಖಾತೆಗೇ ಜಮಾ ಮಾಡಿ, ಹಂಗಾಮಿ ಎಂದು ಗುರುತಿಸಲಾಗುತ್ತದೆ.

ನಮ್ಮಲ್ಲಿ ಹಾಗಲ್ಲ. ಹೆಗಡೆಯವರ ಮೊದಲ ಅವಧಿ 1984ರ ಡಿಸೆಂಬರ್ 29ಕ್ಕೆ ಮುಗಿಯಿತು, ಎರಡನೆಯದು 1985ರ ಮಾರ್ಚ್ 8ಕ್ಕೆ ಆರಂಭವಾಯಿತು ಎಂದು ಪಟ್ಟಿಗಳು ತೋರಿಸುತ್ತವೆ. ನಡುವಿನ ಹತ್ತು ವಾರ ಯಾರ ಸರ್ಕಾರ? ಹೆಗಡೆಯವರದೇ, ಹಂಗಾಮಿಯಾಗಿ. ಆದರೆ ಪಟ್ಟಿಯಲ್ಲಿ ಆ ದಿನಗಳಿಗೆ ಜಾಗವಿಲ್ಲ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟು ಟೀಕೆ ಮಾಡಿದಾಗ 13ರಂದು ರಾಜೀನಾಮೆ ಕೊಟ್ಟು 16ರಂದು ಮರಳಿ ಬಂದದ್ದನ್ನು ಮಾತ್ರ ಹೊಸ ಅವಧಿ ಎಂದು ಎಣಿಸಲಾಗುತ್ತದೆ.

ಅವಧಿಯೂ ಕೆಲಸವೂ

ಸಂಪುಟ ದೀರ್ಘಕಾಲ ಬಾಳಿದರೆ ನೀತಿ ಸ್ಥಿರವಾಗಿರುತ್ತದೆ, ಅಲ್ಪಾಯುಷಿಯಾದರೆ ಕೆಲಸ ಕೆಡುತ್ತದೆ ಎಂಬುದು ರಾಜ್ಯಶಾಸ್ತ್ರದಲ್ಲಿ ಸಾಮಾನ್ಯ ಗ್ರಹಿಕೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡದ ಇತಿಹಾಸ ಇದಕ್ಕೆ ಅಡ್ಡಬರುತ್ತದೆ. ಔಷಧಿ ಸಸ್ಯಗಳಿಗೆ ಹೆಸರಾದ, ಚಿನ್ನ ಮತ್ತು ಕಬ್ಬಿಣದ ಅದಿರಿಗಾಗಿ ಗಣಿ ಕಂಪನಿಗಳ ಕಣ್ಣು ಬಿದ್ದಿದ್ದ ಈ ಗುಡ್ಡವನ್ನು 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. 2016ರ ನವೆಂಬರಿನಲ್ಲಿ ಅದೇ ಸರ್ಕಾರ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. 2017ರ ಫೆಬ್ರವರಿಯಲ್ಲಿ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು, ಎಸ್.ಆರ್. ಹಿರೇಮಠ ಮೊದಲಾದವರ ಮುಂದಾಳುತನದಲ್ಲಿ ಧರಣಿ ನಡೆದ ಮೇಲೆ, ಏಪ್ರಿಲಿನಲ್ಲಿ ಅದೇ ಸರ್ಕಾರ ಮತ್ತೆ ಅದನ್ನು ಜಾರಿಗೆ ತಂದಿತು. ರಾಜ್ಯದ ಚರಿತ್ರೆಯಲ್ಲಿಯೇ ಅಪರೂಪವಾದ ಪೂರ್ಣಾವಧಿಯ ಸಂಪುಟವೊಂದು ಹದಿನಾರು ತಿಂಗಳಲ್ಲಿ ಒಂದೇ ಗುಡ್ಡದ ಬಗ್ಗೆ ಮೂರು ತೀರ್ಮಾನ ಮಾಡಿತು. ಅದನ್ನು ವನ್ಯಜೀವಿ ಧಾಮ ಎಂದು 2019ರ ಮೇ ತಿಂಗಳಲ್ಲಿ ಘೋಷಿಸಿ ಹೆಚ್ಚಿನ ರಕ್ಷಣೆ ಒದಗಿಸಿದ್ದು ಎರಡೇ ತಿಂಗಳಲ್ಲಿ ಬೀಳಲಿದ್ದ, ಒಟ್ಟು 14 ತಿಂಗಳು ಬಾಳಿದ ಮೈತ್ರಿ ಸರ್ಕಾರ. ಇಲ್ಲಿ ಸ್ಥಿರತೆ ಇದ್ದದ್ದು ಸಂಪುಟದಲ್ಲಿ ಅಲ್ಲ, ಧರಣಿ ಕುಳಿತವರಲ್ಲಿ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಹತ್ತಿರದಲ್ಲಿಯೇ ಇದೆ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ ಕೇಂದ್ರ 2002ರ ಏಪ್ರಿಲಿನಲ್ಲಿ 7.56 ಟಿಎಂಸಿಗೆ ತಾತ್ವಿಕ ಒಪ್ಪಿಗೆ ಕೊಟ್ಟು ಅದೇ ಸೆಪ್ಟೆಂಬರಿನಲ್ಲಿ ತಡೆಹಿಡಿಯಿತು. ಆಗ ಎಸ್.ಎಂ. ಕೃಷ್ಣ ಅವರ ಸಂಪುಟ. 2015ರ ಜುಲೈಯಲ್ಲಿ ನರಗುಂದದಲ್ಲಿ ರೈತರ ದೀರ್ಘ ಧರಣಿ ಆರಂಭವಾಯಿತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿಯ ತೀರ್ಪು ಬಂದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆಯಾಯಿತು. 2020ರ ಫೆಬ್ರವರಿಯಲ್ಲಿ ಅದರ ಅಧಿಸೂಚನೆ ಹೊರಟಿತು. ಕೃಷ್ಣ ಅವರಿಂದ 2023ರ ಮೇ 20ರಂದು ಬಂದ ಸಿದ್ದರಾಮಯ್ಯನವರ ಎರಡನೇ ಸಂಪುಟದವರೆಗೆ ಎಣಿಸಿದರೆ, ಯಡಿಯೂರಪ್ಪನವರ ವಾರ ಬಾಳಿದ ಸಂಪುಟವನ್ನೂ ಮೂರು ದಿನ ಬಾಳಿದ ಸಂಪುಟವನ್ನೂ ಬಿಡದೆ, ಒಟ್ಟು 13 ಸಂಪುಟಗಳಾಗುತ್ತವೆ. ನಡುವೆ ಎರಡು ಸಲ ರಾಷ್ಟ್ರಪತಿ ಆಳ್ವಿಕೆ. ಯೋಜನೆಯ ವಿಳಂಬಕ್ಕೆ ಅಂತರರಾಜ್ಯ ವಿವಾದವೇ ಮುಖ್ಯ ಕಾರಣ, ಸಂಪುಟಗಳ ಅಸ್ಥಿರತೆ ಅಲ್ಲ. ಆದರೂ ಪ್ರತಿ ಸಂಪುಟವೂ ಹಿಂದಿನ ಸಂಪುಟವನ್ನು ದೂರುವುದರಿಂದಲೇ ತನ್ನ ಕೆಲಸ ಆರಂಭಿಸಲು ಈ ಬದಲಾವಣೆಗಳು ಅವಕಾಶ ಕೊಟ್ಟವು.

ಕೆಲವು ತೀರ್ಮಾನಗಳಾದರೋ ಸಂಪುಟ ಬದಲಾದರೂ ಸಾಯುವುದಿಲ್ಲ. 2013ರ ಫೆಬ್ರವರಿಯಲ್ಲಿ, ಅಧಿಕಾರದ ಕೊನೆಯ ತಿಂಗಳುಗಳಲ್ಲಿ, ಜಗದೀಶ ಶೆಟ್ಟರ್ ಅವರು ಬಜೆಟ್ಟಿನಲ್ಲಿ 43 ಹೊಸ ತಾಲ್ಲೂಕುಗಳನ್ನು ಘೋಷಿಸಿದರು. ಮುಂದೆ ಬಂದ ಸರ್ಕಾರ ಅದನ್ನು ನಾಲ್ಕು ವರ್ಷ ಬದಿಗಿರಿಸಿ, 2017ರ ಬಜೆಟ್ಟಿನಲ್ಲಿ 49 ತಾಲ್ಲೂಕುಗಳ ಘೋಷಣೆಯನ್ನು ತನ್ನದಾಗಿ ಮಾಡಿತು. ಲಕ್ಷ್ಮೇಶ್ವರ ಶಿರಹಟ್ಟಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಹೀಗೆ. ಗದಗ ಜಿಲ್ಲೆಯೇ ಧಾರವಾಡದಿಂದ ಬೇರೆಯಾಗಿ 1997ರ ಆಗಸ್ಟ್‌ನಲ್ಲಿ ಅಸ್ತಿತ್ವಕ್ಕೆ ಬಂದದ್ದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದ ಕಾರಣ ನಡುದಾರಿಯಲ್ಲಿ ಅಧಿಕಾರಕ್ಕೆ ಬಂದ ಜೆ.ಎಚ್. ಪಟೇಲರ ಕಾಲದಲ್ಲಿ.

ಈ ಎಲ್ಲ ಪ್ರಕರಣಗಳ ಹಿನ್ನೆಲೆಯಲ್ಲಿ, ವಿಧಾನಮಂಡಲದ ಪ್ರಕಟಣೆಗಳನ್ನೂ ಜಿಲ್ಲಾ ಗ್ಯಾಸೆಟಿಯರುಗಳನ್ನೂ ಸಿದ್ಧಪಡಿಸುವವರು ಮುಖ್ಯಮಂತ್ರಿಯ ಹೆಸರಿನ ಮುಂದೆ ಎರಡು ವರ್ಷಗಳನ್ನು ಬರೆದು ಸುಮ್ಮನಾಗುವ ಪದ್ಧತಿಯನ್ನು ಕೈಬಿಡಬೇಕು. ಪ್ರಮಾಣವಚನದ ದಿನ, ಸಚಿವರು ಸೇರಿದ ದಿನ, ರಾಜೀನಾಮೆ ಕೊಟ್ಟ ದಿನ, ಹಂಗಾಮಿಯಾಗಿ ನಡೆದ ದಿನಗಳು ಮತ್ತು ಸಂಪುಟ ಮುಗಿದ ಕಾರಣ, ಈ ಐದನ್ನು ಬೇರೆ ಬೇರೆ ಅಂಕಣಗಳಲ್ಲಿ ಮುದ್ರಿಸಬೇಕು. ಇದಕ್ಕೆ ಬೇಕಾದ ರಾಜ್ಯಪತ್ರದ ಅಧಿಸೂಚನೆಗಳು ಸರ್ಕಾರದ ಮುದ್ರಣಾಲಯದಿಂದಲೇ ಹೊರಟಿರುವಂಥವು.